ಹರಿಗೋಲು ನಿಲ್ಲಿಸಿದ್ದು ನೀರುನಾಯಿ ಅಲ್ಲ

ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರದ ಕಡೆಯಿಂದ ಬರುವ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಲೆ ಬುಡ ತಿಳಿಯುವುದಿಲ್ಲ. 'ಹರಿಗೋಲು ಬಂದ್' ಎಂದು ಒಂದು ಸುದ್ದಿ. ಸ್ವಲ್ಪ ದಿನಕ್ಕೆ ಅದೇ ನೀರಿನಲ್ಲಿ, ಅದೇ ಹರಿಗೋಲಿನಲ್ಲಿ ಕುಳಿತು ನಗುವ ಪ್ರವಾಸಿಗರ ಫೋಟೊ. ಅನುಮತಿ ಇಲ್ಲದ ರೆಸಾರ್ಟ್‌ಗಳಿಗೆ ಬೀಗ ಎಂದು ಇನ್ನೊಂದು ಸುದ್ದಿ. ಅದರ ಬೆನ್ನಿಗೇ ಅಲ್ಲಿನ ಅಂಜನಾದ್ರಿ ಬೆಟ್ಟದ ಸುತ್ತ ಪ್ರವಾಸೋದ್ಯಮ ಬೆಳೆಸುವ ಮಾತು. ಹಾಗಾದರೆ ಪ್ರವಾಸಿಗರು ಬೇಕೋ, ಬೇಡವೋ?

ಇಲ್ಲಿ ಹರಿಯುವ ತುಂಗಭದ್ರಾ ನದಿಯ ಒಂದು ಭಾಗವನ್ನು ಸರ್ಕಾರ ನೀರುನಾಯಿಗಳ ಮೀಸಲು ಎಂದು ಘೋಷಿಸಿದೆ. ಅದರ ಬಗ್ಗೆ ಒಂದು ದೂರೂ ಕೇಳಿಬರುತ್ತದೆ. ನದಿಯನ್ನು ನೀರುನಾಯಿಗೆ ಬರೆದುಕೊಟ್ಟರು, ಅದಕ್ಕೇ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರೆ ಎಂಬ ದೂರು. ಈ ಸಿಟ್ಟಿನ ಹಿಂದಿರುವ ಕಷ್ಟ ನಿಜ. ಆದರೆ ಅದು ತೋರಿಸುವ ಕಾರಣ ತಪ್ಪು. ಹರಿಗೋಲು ನಿಲ್ಲುವುದಕ್ಕೆ, ರೆಸಾರ್ಟ್ ಬೀಳುವುದಕ್ಕೆ, ರಾತ್ರಿ ನದಿ ದಂಡೆಗೆ ಹೋಗಬೇಡಿ ಎನ್ನುವುದಕ್ಕೆ ಬೇರೆ ಬೇರೆ ಕಾನೂನು, ಬೇರೆ ಬೇರೆ ಕಚೇರಿಗಳಿವೆ. ಯಾವುದು ಯಾರದು ಎಂದು ಬಿಡಿಸಿ ನೋಡಿದರೆ ಒಂದು ಅಚ್ಚರಿಯ ಸಂಗತಿ ಸಿಗುತ್ತದೆ. ಈ ಎಲ್ಲ ಕಾನೂನುಗಳಲ್ಲಿ ಊರಿನವರನ್ನೂ ಕೂರಿಸಿಕೊಂಡು ನದಿಯ ಬಗ್ಗೆ ಮಾತಾಡಬೇಕು ಎಂದು ಸ್ಪಷ್ಟವಾಗಿ ಹೇಳುವುದು ನೀರುನಾಯಿ ಮೀಸಲಿನ ಕಾನೂನೇ.

ಮೊದಲು ನೀರಿನ ಲೆಕ್ಕ

ಸಾಣಾಪುರ ಎಂದರೆ ಹೊರಗಿನವರ ಮನಸ್ಸಿಗೆ ಬರುವುದು ಬಂಡೆಗಳ ನಡುವಿನ ನೀಲಿ ಕೆರೆ. ಅದು ನದಿಯಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಡಿದಿಟ್ಟು, ಸಮತೂಕದಲ್ಲಿ ಮುಂದೆ ಬಿಡುವುದಕ್ಕೆ ಮಾಡಿದ ಜಲಾಶಯ. ಆ ನೀರು ಕೊಪ್ಪಳ, ರಾಯಚೂರು ಜಿಲ್ಲೆಗಳ ಗದ್ದೆಗೆ ಹೋಗುತ್ತದೆ. ಗಂಗಾವತಿಯನ್ನು ಭತ್ತದ ಕಣಜ ಅನ್ನುವುದು ಈ ಕಾಲುವೆಯನ್ನು ನಂಬಿಯೇ. ಹಾಗಾಗಿ ಕೆರೆಯಲ್ಲಿ ಯಾರು ಏನು ಮಾಡಬಹುದು ಎಂಬ ಪ್ರಶ್ನೆ ಮೊದಲು ನೀರಾವರಿ ಇಲಾಖೆಯ ಬಾಗಿಲಿಗೆ ಹೋಗುತ್ತದೆ. ನೀರುನಾಯಿ ಮೀಸಲು ಇರುವುದು ನದಿಯಲ್ಲಿ. ಕೆರೆಯ ಹರಿಗೋಲು, ನದಿಯ ಹರಿಗೋಲು ಎರಡನ್ನೂ ಒಂದೇ ಸುದ್ದಿಯಲ್ಲಿ ಕಲಸಿ ಬರೆಯುವುದರಿಂದಲೇ ಅರ್ಧ ಗೊಂದಲ.

ಇನ್ನು ನದಿ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆ ಇಲ್ಲಿಂದ ತುಂಬಾ ದೂರವೇನಿಲ್ಲ. ಅದಕ್ಕೆ ಹೆಚ್ಚಿನ ನೀರು ನದಿಗೆ ಬಿಡುವ 33 ಕ್ರಸ್ಟ್ ಗೇಟ್‌ಗಳಿವೆ. ಗೇಟ್ ತೆಗೆದರೆ ಕೆಳಗಿನ ಊರುಗಳಲ್ಲಿ ಬಿಸಿಲಿದ್ದರೂ ನದಿ ಏರುತ್ತದೆ. ಮಳೆ ಬಿದ್ದಿರುವುದು ಮಲೆನಾಡಿನಲ್ಲಿ, ಇಲ್ಲಿನ ಆಕಾಶ ಶುಭ್ರವಾಗಿರುತ್ತದೆ. ಹೊರಗಿನಿಂದ ಬಂದವರಿಗೆ ಇದು ಗೊತ್ತಾಗುವುದೇ ಇಲ್ಲ. 2019ರ ಆಗಸ್ಟ್‌ನಲ್ಲಿ ಹೀಗೆ ನೀರು ಏರಿ ಹಂಪಿಯ ಎದುರಿನ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಹೆಲಿಕಾಪ್ಟರ್ ತರಿಸಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಅಣೆಕಟ್ಟೆಯ ಒತ್ತಡ ಇಳಿಸಲು ಉಳಿದ ಗೇಟ್‌ಗಳಿಂದಲೂ ನೀರು ಬಿಡಬೇಕಾಯಿತು. ಮಳೆಗಾಲದಲ್ಲಿ 'ಹರಿಗೋಲು ಬಂದ್' ಎಂಬ ಸುದ್ದಿ ಬಂದರೆ ಕಾರಣ ಹೆಚ್ಚಾಗಿ ಇದೇ. ನೀರು ಇಳಿದ ಮೇಲೆ ಮತ್ತೆ ಶುರುವಾಗುತ್ತದೆ. ಇದರಲ್ಲಿ ವಿರೋಧಾಭಾಸ ಏನೂ ಇಲ್ಲ.

ಹರಿಗೋಲು ಇಲ್ಲಿಗೆ ಪ್ರವಾಸಿಗರ ಜೊತೆ ಬಂದದ್ದೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ವಿವರವಾಗಿ ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿರುತ್ತವೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತವೆ ಎಂದು. ಚರ್ಮದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ತಿರುಗುವುದು ಹಾಗೇ ಇದೆ. ಐನೂರು ವರ್ಷದಿಂದ ನಡೆದುಬಂದ ಈ ಕೆಲಸವನ್ನು 'ಅಕ್ರಮ ಚಟುವಟಿಕೆ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ.

ಮೀಸಲು ಬೇರೆ, ಧಾಮ ಬೇರೆ

ಈಗ ನೀರುನಾಯಿಯ ವಿಷಯ. 2015ರಲ್ಲಿ ರಾಜ್ಯ ಸರ್ಕಾರ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿ ಸೇತುವೆವರೆಗೆ, ಸುಮಾರು 34 ಕಿ.ಮೀ. ಉದ್ದದ ನದಿಯನ್ನು 'ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು' ಎಂದು ಘೋಷಿಸಿತು. ಉತ್ತರಕ್ಕೆ ಕೊಪ್ಪಳ ಜಿಲ್ಲೆ. ದಕ್ಷಿಣಕ್ಕೆ ಆಗ ಬಳ್ಳಾರಿ ಒಂದೇ ಇತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ ಅತ್ತ ಹೋಯಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಅಂದರೆ ಒಂದೇ ಮೀಸಲಿಗೆ ಈಗ ಮೂರು ಜಿಲ್ಲಾಧಿಕಾರಿಗಳು. ಎಡದಂಡೆಯಲ್ಲಿ ಹೊರಟ ಆದೇಶ ಬಲದಂಡೆಗೆ ತಾಗುವುದಿಲ್ಲ. ಈ ಕಡೆ ನಿಂತ ಹರಿಗೋಲು ಆ ಕಡೆ ತೇಲುತ್ತಿದ್ದರೆ ನೋಡಿದವರಿಗೆ ಗೊಂದಲ ಆಗದೇ ಇರುತ್ತದಾ?

ಮೀಸಲು ಎಂದ ಕೂಡಲೇ ಜನರ ಕಣ್ಣಮುಂದೆ ಬರುವುದು ಬೇಲಿ, ಗೇಟು, ಗಾರ್ಡು. ಅದಕ್ಕೂ ಕಾರಣ ಇದೆ. ಹತ್ತಿರದಲ್ಲೇ, 1994ರಲ್ಲಿ ಆದ ದರೋಜಿ ಕರಡಿ ಧಾಮ ಇದೆ. ಗಂಗಾವತಿ ತಾಲೂಕಿನಲ್ಲೇ ಸುಮಾರು 332 ಹೆಕ್ಟೇರಿನ ಬಂಕಾಪುರ ತೋಳ ಧಾಮ ಬಂದಿದೆ. ಧಾಮ ಎಂದರೆ ಕಾನೂನು ಬಿಗಿ. ಒಳಗೆ ಹೋಗಲು ಅನುಮತಿ ಬೇಕು, ಕುರಿ ದನ ಮೇಯಿಸುವುದಕ್ಕೂ ಇಲಾಖೆಯ ಹತೋಟಿ ಇರುತ್ತದೆ.

ಸಂರಕ್ಷಣಾ ಮೀಸಲು ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು 36ಎ, 36ಬಿ ಎಂಬ ಕಲಂಗಳನ್ನು ಸೇರಿಸಿದರು. ಊರುಗಳ ನಡುವೆಯೇ ಪ್ರಾಣಿಗಳೂ ಇವೆ, ಜನರನ್ನು ಎಬ್ಬಿಸಲು ಆಗುವುದಿಲ್ಲ, ಎಬ್ಬಿಸಲೂ ಬಾರದು, ಅಂಥ ಕಡೆಗೆ ಹೊಂದುವ ವ್ಯವಸ್ಥೆ ಇದು. ಸರ್ಕಾರದ ಒಡೆತನದ ಜಾಗವನ್ನು ಮಾತ್ರ ಹೀಗೆ ಘೋಷಿಸಬಹುದು. ಅದಕ್ಕೂ ಮುಂಚೆ ಸ್ಥಳೀಯರ ಜೊತೆ ಸಮಾಲೋಚನೆ ಆಗಬೇಕು. ರೈತನ ಪಟ್ಟಾ ಜಮೀನು ಇದರೊಳಗೆ ಬರುವುದಿಲ್ಲ.

ಧಾಮದ ಎಲ್ಲ ನಿಯಮಗಳೂ ಇಲ್ಲಿಗೆ ಅನ್ವಯಿಸುವುದಿಲ್ಲ. ಮುಖ್ಯವಾಗಿ, ಅನುಮತಿ ಇಲ್ಲದೆ ಒಳಗೆ ಬರಬಾರದು ಎಂಬ ನಿಯಮವೇ ಇಲ್ಲಿಗೆ ಅನ್ವಯಿಸುವುದಿಲ್ಲ. ಅನ್ವಯಿಸುವವು ಕೆಲವೇ. ಪ್ರಾಣಿಗಳಿಗೆ ಕಾಟ ಕೊಡಬಾರದು. ಕಸ ಎಸೆಯಬಾರದು. ಬೆಂಕಿ ಹಚ್ಚಬಾರದು. ಸ್ಫೋಟಕ, ವಿಷ, ರಾಸಾಯನಿಕ ಬಳಸಬಾರದು. ವನ್ಯಜೀವಿಗಳ ರಕ್ಷಣೆಗೆ ಬೇಕಾದ ಕ್ರಮ ತೆಗೆದುಕೊಳ್ಳುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೆ ಇದೆ. ಈ ಪಟ್ಟಿಯಲ್ಲಿ ಹರಿಗೋಲಿನ ಹೆಸರು ಎಲ್ಲೂ ಇಲ್ಲ. ಜಿಲೆಟಿನ್ ಕಡ್ಡಿ ಸಿಡಿಸಿ ಮೀನು ಹಿಡಿಯುವುದು ಮಾತ್ರ ಸ್ಪಷ್ಟವಾಗಿ ಅಪರಾಧ. ದಂಡೆಯ ಮೇಲೆ ರಾತ್ರಿ ಬೆಂಕಿ ಹಾಕಿ ಕೂರುವುದು, ಬಾಟಲಿ ಬಿಟ್ಟು ಹೋಗುವುದು ಕೂಡ ಇದರಡಿ ಬರುತ್ತದೆ.

ನೀರುನಾಯಿಗೆ ಬೇಕಾಗಿರುವುದು ಏನು

ಇಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಜಾಗತಿಕವಾಗಿ ಅಪಾಯದ ಅಂಚಿಗೆ ಬಂದಿರುವ ಪ್ರಾಣಿಗಳ ಪಟ್ಟಿಯಲ್ಲಿ ಇದೆ. 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತಿ ಕಠಿಣ ನಿರ್ಬಂಧ ಬಂತು. ಒಂಟಿಯಾಗಿ ಬದುಕುವ ಪ್ರಾಣಿ ಇದಲ್ಲ. ಅಪ್ಪ, ಅಮ್ಮ, ಮರಿಗಳು ಗುಂಪಾಗಿ ಇರುತ್ತವೆ, ಗುಂಪಾಗಿಯೇ ಮೀನು ಅಟ್ಟುತ್ತವೆ. ನಡುಹಗಲು ಬಂಡೆಸಂದಿಯಲ್ಲಿ, ಜೊಂಡಿನ ಮರೆಯಲ್ಲಿ ವಿಶ್ರಾಂತಿ. ಒಂದೇ ಬಂಡೆಗೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕಿ ಗುರುತು ಬಿಡುತ್ತವೆ. ಆ ಬಂಡೆ ಅವುಗಳ ಮನೆ ವಿಳಾಸ ಇದ್ದ ಹಾಗೆ. ಅದೇ ನೀರಲ್ಲಿ ಮೊಸಳೆಗಳಿವೆ, ಮೆದುಚಿಪ್ಪಿನ ಆಮೆಗಳಿವೆ. ನದಿಯಲ್ಲಿ ಮೀನು ಚೆನ್ನಾಗಿದ್ದರೆ ಮಾತ್ರ ನೀರುನಾಯಿ ಉಳಿಯುತ್ತದೆ. ಹಾಗಾಗಿ ಅದು ಕಾಣುತ್ತಿದೆ ಎಂದರೆ ಬೆಸ್ತರ ಬಲೆಗೂ ಇನ್ನೂ ಏನೋ ಸಿಗುತ್ತಿದೆ ಎಂದೇ ಅರ್ಥ.

ತೊಂದರೆ ಇರುವುದು ಕಾಲದ ಲೆಕ್ಕದಲ್ಲಿ. ಮಳೆಗಾಲ ಮುಗಿದು ನೀರು ಇಳಿದಾಗ ಬಂಡೆಗಳು ಹೊರಬರುತ್ತವೆ. ನೀರುನಾಯಿ ಮರಿ ಹಾಕಿ ಸಾಕುವುದು ಚಳಿಗಾಲದ ಆಸುಪಾಸಿನಲ್ಲಿ. ಪ್ರವಾಸಿಗರ ಸೀಸನ್ ಕೂಡ ಅದೇ. ನೀರುನಾಯಿ ಜಾಸ್ತಿ ಓಡಾಡುವುದು ಬೆಳಗಿನ ಜಾವ, ಸಂಜೆ. ಪ್ರವಾಸಿಗರು ಸೂರ್ಯೋದಯ, ಸೂರ್ಯಾಸ್ತ ನೋಡಲು ಹರಿಗೋಲು ಹತ್ತುವುದೂ ಆಗಲೇ. ಒಂದೇ ತಿಂಗಳು, ಒಂದೇ ಹೊತ್ತು, ಒಂದೇ ಬಂಡೆ. ಮರಿ ಇರುವ ಗುಂಪಿನ ಹತ್ತಿರ ದಿನವೂ ಸ್ಪೀಕರ್ ಹಾಡು, ಕೂಗಾಟ, ಬಂಡೆ ಮೇಲಿಂದ ಜಿಗಿತ, ತಲೆ ಮೇಲೆ ಡ್ರೋನ್ ಇದ್ದರೆ ತಾಯಿ ಜಾಗ ಬದಲಿಸುತ್ತದೆ. ಬದಲಿಸಲು ಬೇರೆ ಒಳ್ಳೆಯ ಜಾಗ ಎಲ್ಲ ಕಡೆ ಸಿಗುವುದಿಲ್ಲ. ಅಲ್ಲೆಲ್ಲ ಮರಳು ತೆಗೆದು ದಂಡೆ ಕುಸಿದಿರಬಹುದು, ಅಥವಾ ಗದ್ದೆ, ಬಾಳೆ ತೋಟ ನೀರಿನ ಅಂಚಿಗೇ ಬಂದಿರಬಹುದು.

ಇದರಲ್ಲಿ ಹರಿಗೋಲಿನ ಪಾಲು ಎಷ್ಟು? ಇಂಜಿನ್ ಇಲ್ಲ, ಸದ್ದಿಲ್ಲ, ಹೊಗೆ ಇಲ್ಲ. ದೂರ ಇಟ್ಟುಕೊಂಡು ಮೆಲ್ಲಗೆ ಹೋಗುವ ಹರಿಗೋಲಿನಿಂದ ಆಗುವ ತೊಂದರೆ ಕಮ್ಮಿ. ಜಿಲೆಟಿನ್ ಸಿಡಿದರೆ ಮೀನಿನ ಮರಿಯಿಂದ ಹಿಡಿದು ಸುತ್ತಲಿನ ಜೀವವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಗದ್ದೆಯಿಂದ ಇಳಿದು ಬರುವ ಕ್ರಿಮಿನಾಶಕದ್ದೂ ಸಣ್ಣ ತೊಂದರೆಯಲ್ಲ. ಆದರೆ ಸುದ್ದಿಯಲ್ಲಿ ಕಾಣುವುದು ಹರಿಗೋಲು ಮಾತ್ರ. ಅದು ಹಗಲು ಹೊತ್ತಲ್ಲಿ, ಎಲ್ಲರ ಕಣ್ಣೆದುರಿಗೆ ತೇಲುತ್ತದೆ. ನಿಲ್ಲಿಸುವುದೂ ಸುಲಭ.

ರೆಸಾರ್ಟ್ ಬೀಳಿಸಿದ್ದು ಇನ್ನೊಂದು ಕಾನೂನು

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ 'ಅಪಾಯದಲ್ಲಿರುವ' ತಾಣ ಎಂದು ಹೆಸರಾಯಿತು. ದೊಡ್ಡ ಕಾರಣ, ಸ್ಮಾರಕಗಳ ನಡುವೆ ಕಟ್ಟುತ್ತಿದ್ದ ಸೇತುವೆ. ಆ ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಅದಕ್ಕಿಂತ ಮೊದಲು, 2002ರಲ್ಲಿ, ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಕಾಯ್ದೆ ಬಂತು. ನದಿಯ ಎರಡೂ ದಂಡೆಯ 29 ಹಳ್ಳಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಆನೆಗೊಂದಿ, ಸಾಣಾಪುರ ಸೀಮೆಯಲ್ಲಿ ಕಟ್ಟಡ ಕಟ್ಟಬೇಕಾದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ಹೊಲವಾಗಿದ್ದರೆ ಎನ್‌ಎ, ಅಂದರೆ ಕೃಷಿಯೇತರ ಜಮೀನು ಎಂದು ಬದಲಾವಣೆ ಮಾಡಿಸಬೇಕು. ಕೇಂದ್ರದ ಸಂರಕ್ಷಿತ ಸ್ಮಾರಕ ಹತ್ತಿರ ಇದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತೆಯೇ ಇಲ್ಲ, ಅದರಾಚೆ 200 ಮೀಟರ್ ಅನುಮತಿಯ ವಲಯ.

ವಿರೂಪಾಪುರ ಗಡ್ಡಿಯಲ್ಲಿ ಆದದ್ದು ಇದರಿಂದ. ವಿರೂಪಾಕ್ಷ ಗುಡಿಯ ಎದುರು ದಂಡೆಯ ಆ ಗಡ್ಡಿಯಲ್ಲಿ ವರ್ಷಗಟ್ಟಲೆ ಗುಡಿಸಲು, ಹೋಟೆಲ್, ಗೆಸ್ಟ್‌ಹೌಸ್ ಬೆಳೆದವು. ಹೈಕೋರ್ಟ್ ತೆರವಿಗೆ ಹೇಳಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು. ಅದು ಸ್ಮಾರಕ ರಕ್ಷಣೆಯ ಪ್ರಕರಣ. ನೀರುನಾಯಿಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಅಲ್ಲಿಂದ ಎದ್ದ ವ್ಯಾಪಾರ ಮಾಯವಾಗಲಿಲ್ಲ. ಪ್ರವಾಸಿಗರು ಬರುತ್ತಲೇ ಇದ್ದರು. ಗಡ್ಡಿ ಮುಚ್ಚಿದ ಮೇಲೆ ಒತ್ತಡ ಆನೆಗೊಂದಿ, ಸಾಣಾಪುರ, ಸುತ್ತಲಿನ ಊರುಗಳ ಮೇಲೆ ಬಿತ್ತು. ಅನುಮತಿ ಪಡೆದು ಮನೆಯಲ್ಲೇ ಎರಡು ಕೋಣೆ ಕೊಡುವವರೂ ಇದ್ದಾರೆ. ಹೊಲದಲ್ಲಿ ಸುಮ್ನೆ ಹತ್ತು ಗುಡಿಸಲು ಹಾಕಿ ಅದಕ್ಕೂ ಹೋಂಸ್ಟೇ ಎಂದು ಹೆಸರಿಡುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ದಾಳಿ ಆದಾಗ ಹೆಸರು ಕೆಡುವುದು ಇಬ್ಬರದ್ದೂ.

2025ರ ನಂತರ ಬಿಗಿ ಜಾಸ್ತಿ ಯಾಕಾಯಿತು

2025ರ ಫೆಬ್ರುವರಿಯಲ್ಲಿ ಬಂಡೆ ಮೇಲಿಂದ ನದಿಗೆ ಜಿಗಿದ ಪ್ರವಾಸಿಯೊಬ್ಬರು ನೀರುಪಾಲಾದರು. ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆ ದಂಡೆಯಲ್ಲಿ ನಡೆದ ಹೀನ ಅಪರಾಧ ದೇಶವನ್ನೇ ಬೆಚ್ಚಿಬೀಳಿಸಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದವರನ್ನು ಕಾಲುವೆಗೆ ನೂಕಿದ್ದರಿಂದ ಒಬ್ಬರ ಜೀವ ಹೋಯಿತು. ಇದಾದ ಮೇಲೆ ಪೊಲೀಸರು, ಜಿಲ್ಲಾಡಳಿತ ಬಿಗಿ ಮಾಡದೇ ಇರಲು ಆಗುತ್ತಿರಲಿಲ್ಲ. ಬಂದವರ ಲೆಕ್ಕ ಇಡಿ, ರಾತ್ರಿ ನಿರ್ಜನ ಜಾಗಕ್ಕೆ ಕರೆದೊಯ್ಯಬೇಡಿ ಎನ್ನುವುದು ತಪ್ಪೂ ಅಲ್ಲ.

ಈ ಬಿಗಿಯ ಹಿಂದಿರುವುದು ಜೀವದ ಸುರಕ್ಷತೆ. ವನ್ಯಜೀವಿಯೂ ಅಲ್ಲ, ಸ್ಮಾರಕವೂ ಅಲ್ಲ. ಹೀಗೆ ಒಂದೇ ಜಾಗದ ಮೇಲೆ ನೀರಾವರಿ, ಪರಂಪರೆ, ಅರಣ್ಯ, ಪೊಲೀಸು ಒಂದರ ಮೇಲೊಂದು ಹಾಸಿಕೊಂಡಿವೆ. ಒಂದೊಂದು ಆದೇಶಕ್ಕೂ ಅದರದೇ ಕಾರಣ ಇದೆ. ಎಲ್ಲವನ್ನೂ ಒಟ್ಟಿಗೆ ಕೂತು ನೋಡುವವರು ಯಾರೂ ಇಲ್ಲದ್ದರಿಂದ ಊರಿನವರ ಕಿವಿಗೆ ಎಲ್ಲವೂ 'ಬಂದ್' ಎಂದೇ ಬೀಳುತ್ತದೆ.

ಯಾರು ಏನು ಕೇಳುತ್ತಿದ್ದಾರೆ

ಹರಿಗೋಲು ನಡೆಸುವವರು, ಆಟೊದವರು, ಊಟ ಹಾಕುವ ಮನೆಯವರ ವಾದ ಸರಳ. ನಮಗೆ ಇರುವುದು ನಾಲ್ಕೈದು ತಿಂಗಳ ದುಡಿಮೆ. ನಿಯಮ ಹೇಳಿ, ಪಾಲಿಸುತ್ತೇವೆ. ಆದರೆ ಸೀಸನ್ ನಡುವೆ ಬಂದು ನಿಲ್ಲಿಸಬೇಡಿ. ಇದು ಗುಳೆ ಹೋಗುವ ಸೀಮೆ. ಊರಲ್ಲೇ ಕೂಲಿ ಸಿಗುವುದು ಇಲ್ಲಿ ಸಣ್ಣ ಮಾತಲ್ಲ.

ಬೆಸ್ತರಿಗೆ ಬೇರೆ ಸಂಕಟ. ನೀರುನಾಯಿ ಬಲೆಗೆ ಬಿದ್ದ ಮೀನನ್ನು ತಿನ್ನುತ್ತದೆ, ಬಲೆಯನ್ನೂ ಹರಿಯುತ್ತದೆ. ಬಲೆ ಹೋದರೆ ನಷ್ಟ ಅವರದ್ದೇ. ಪ್ರಾಣಿಪ್ರಿಯರು ಈ ಮಾತನ್ನು ಕೇಳಿಸಿಕೊಳ್ಳದೆ ಮುಂದೆ ಹೋಗುತ್ತಾರೆ. ಅದು ಸರಿಯಲ್ಲ.

ಕಾಲುವೆ ಕೊನೆಯಂಚಿನ ರೈತರಿಗೆ ಕೆರೆಯ ಪ್ರವಾಸೋದ್ಯಮದ ಬಗ್ಗೆ ಆಸಕ್ತಿ ಕಮ್ಮಿ. ಗದ್ದೆಗೆ ನೀರು ಬಂದರೆ ಸಾಕು. ಪರಂಪರೆಯ ಬಗ್ಗೆ ಕಾಳಜಿ ಇರುವವರು ಗಡ್ಡಿಯಲ್ಲಿ ಆದದ್ದು ಇಲ್ಲೂ ಆಗದಿರಲಿ ಎನ್ನುತ್ತಾರೆ. ಈ ಬೆಟ್ಟಗಳಲ್ಲಿ ಒನಕೆ ಕಿಂಡಿಯಂಥ ಕಡೆ ಇತಿಹಾಸಪೂರ್ವ ಕಾಲದ ಬಂಡೆಚಿತ್ರಗಳಿವೆ. ಬಂಡೆ ಹತ್ತುವ ಆಟಕ್ಕೆ ಈ ಸೀಮೆ ಈಗ ದೇಶ ವಿದೇಶಗಳಲ್ಲಿ ಹೆಸರಾಗಿದೆ. ಯಾವ ಬಂಡೆ ಹತ್ತಬಹುದು, ಯಾವುದರ ಹತ್ತಿರವೂ ಹೋಗಬಾರದು ಎಂದು ಹೇಳುವ ಒಂದು ಫಲಕವಾದರೂ ಬೇಕಲ್ವಾ? ಬೆಟ್ಟಗಳಲ್ಲಿ ಚಿರತೆಗಳೂ ಇವೆ.

ನಿಲ್ಲಿಸಿದರೆ ಏನಾಗುತ್ತದೆ, ಬಿಟ್ಟರೆ ಏನಾಗುತ್ತದೆ

ಎಲ್ಲವನ್ನೂ ಒಂದೇ ಸಲ ನಿಲ್ಲಿಸಿದರೆ ಮೊದಲು ನಿಲ್ಲುವವನು ಹೆಸರು, ನಂಬರು ಬರೆಸಿದವನು. ಅವನ ವಿಳಾಸ ಕಚೇರಿಯಲ್ಲಿದೆ. ಬರೆಸದವನು ಫೋನಿನಲ್ಲೇ ಬುಕಿಂಗ್ ಹಿಡಿದು, ಕತ್ತಲಾದ ಮೇಲೆ, ಯಾರೂ ನೋಡದ ಕಡೆಯಿಂದ ಜನರನ್ನು ಇಳಿಸುತ್ತಾನೆ. ಲೈಫ್ ಜಾಕೆಟ್ ಇರುವುದಿಲ್ಲ. ಏನಾದರೂ ಆದರೆ ಪೊಲೀಸರಿಗೆ ಫೋನ್ ಮಾಡಲು ಹೆದರುತ್ತಾನೆ. ಆ ತಡದಲ್ಲಿ ಜೀವ ಹೋಗುತ್ತದೆ. ಆಗ ಇನ್ನೂ ದೊಡ್ಡ ಬಂದ್. ಪ್ರತಿ ಸಲವೂ ನಿಯಮ ಪಾಲಿಸುವವರ ಸಂಖ್ಯೆ ಕಮ್ಮಿ ಆಗುತ್ತಾ ಹೋಗುತ್ತದೆ.

ನೀರುನಾಯಿಗೂ ಇದರಿಂದ ಲಾಭ ಇಲ್ಲ. ದಿನವಿಡೀ ನದಿಯಲ್ಲಿ ಇರುವವನು ಹರಿಗೋಲಿನವನು. ಜಿಲೆಟಿನ್ ಸದ್ದು ಮೊದಲು ಕೇಳುವುದು ಅವನಿಗೆ. ಮರಳಿನ ಟ್ರ್ಯಾಕ್ಟರ್ ಎಲ್ಲಿ ಇಳಿಯುತ್ತದೆ, ಮರಿಗಳು ಯಾವ ಬಂಡೆಯಲ್ಲಿವೆ ಎಂದು ಗೊತ್ತಿರುವುದೂ ಅವನಿಗೆ. 34 ಕಿ.ಮೀ. ನದಿಯನ್ನು ಬೆರಳೆಣಿಕೆಯ ಅರಣ್ಯ ಸಿಬ್ಬಂದಿ ಹಗಲೂ ರಾತ್ರಿ ಕಾಯಲು ಆಗುವುದಿಲ್ಲ. ಹರಿಗೋಲಿನವನು ಗುಳೆ ಹೋದರೆ ನದಿ ಖಾಲಿಯಾಗುತ್ತದೆ. ಖಾಲಿ ನದಿ ಯಾರಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಎಲ್ಲವನ್ನೂ ಬಿಟ್ಟುಬಿಟ್ಟರೆ? ಲೆಕ್ಕವಿಲ್ಲದ ಹರಿಗೋಲು, ನಡುರಾತ್ರಿವರೆಗೆ ಸ್ಪೀಕರ್, ದಂಡೆಯ ಉದ್ದಕ್ಕೂ ಶೆಡ್ಡು. ನೀರುನಾಯಿ ಜಾಗ ಬಿಡುತ್ತದೆ. ಮುಂದೊಂದು ದಿನ ಯಾರೋ ಕೋರ್ಟಿಗೆ ಹೋಗುತ್ತಾರೆ. ಗಡ್ಡಿಯಲ್ಲಿ ಬಂದ ಜೆಸಿಬಿ ಇಲ್ಲಿಗೂ ಬರುತ್ತದೆ. ಆಗ ಅನುಮತಿ ಇದ್ದವನೂ ಪೆಟ್ಟು ತಿನ್ನುತ್ತಾನೆ.

ಪಂಚಾಯಿತಿಗೆ ಇರುವ ಕುರ್ಚಿ

ಕಾಯ್ದೆಯ 36ಬಿ ಕಲಂ ಇಲ್ಲಿ ಮುಖ್ಯ ಆಗುತ್ತದೆ. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು ಎಂದು ಅದು ಹೇಳುತ್ತದೆ. ಅರಣ್ಯ ಇಲಾಖೆಯ ಅಧಿಕಾರಿ, ಮೀಸಲು ಹಾದುಹೋಗುವ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ, ವನ್ಯಜೀವಿ ರಕ್ಷಣೆಯಲ್ಲಿ ಕೆಲಸ ಮಾಡುವ ಸಂಸ್ಥೆಗಳಿಂದ ಮೂವರು, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು. ಇದು ಸಲಹೆ ಕೊಡುವ ಸಮಿತಿ, ಆದೇಶ ಹೊರಡಿಸುವುದಲ್ಲ. ಆದರೂ ಇದು ಬರೀ ಮಾತಲ್ಲ, ಕಾನೂನಿನಲ್ಲಿರುವ ಜಾಗ. ಒಂದು ಜಿಲ್ಲೆಯ ಗಡಿಗೆ ನಿಲ್ಲದೆ ನದಿಯನ್ನು ನದಿಯಾಗಿಯೇ ನೋಡಲು ಇಲ್ಲಿ ಅವಕಾಶ ಇದೆ. ಊರಿನವರು ಯಾವುದನ್ನು ಶತ್ರು ಎಂದುಕೊಂಡಿದ್ದಾರೋ ಆ ಮೀಸಲೇ ಅವರಿಗೆ ಈ ಕುರ್ಚಿ ಕೊಟ್ಟಿದೆ.

ಅಲ್ಲಿ ಕೂತು ಏನು ಕೇಳಬಹುದು? ಮರಿಗಳಿರುವ ತಿಂಗಳುಗಳಲ್ಲಿ ನದಿಯ ಇಂತಿಷ್ಟು ಭಾಗಕ್ಕೆ ಬೆಳಿಗ್ಗೆ, ಸಂಜೆ ಹರಿಗೋಲು ಬೇಡ, ಉಳಿದ ಕಡೆ ನಡೆಯಲಿ ಎಂದು ಕೇಳಬಹುದು. ಆ ಭಾಗ ಯಾವುದು ಎಂದು ತೋರಿಸಲು ಹರಿಗೋಲಿನವರಿಗಿಂತ ಗೊತ್ತಿರುವವರು ಯಾರಿದ್ದಾರೆ? ಹರಿಗೋಲಿಗೆ ನಂಬರು, ಜನರ ಮಿತಿ, ಜಾಕೆಟ್ ಕಡ್ಡಾಯ ಮಾಡಿ ಎನ್ನಬಹುದು. ಗೇಟ್ ತೆಗೆಯುವ ಮುಂಚೆ ಅಣೆಕಟ್ಟೆಯಿಂದ ನೇರವಾಗಿ ಅವರ ಫೋನಿಗೆ ಸಂದೇಶ ಬರಲಿ ಎನ್ನಬಹುದು. ಹರಿದ ಬಲೆಗೆ ಪರಿಹಾರದ ದಾರಿ ಹುಡುಕಿ ಎಂದು ಬೆಸ್ತರು ಕೇಳಬಹುದು. ಇವು ಯಾವುವೂ ಕೋಟಿಗಟ್ಟಲೆ ಖರ್ಚಿನ ಕೆಲಸ ಅಲ್ಲ.

ಊರಿನವರನ್ನು ಸೇರಿಸಿಕೊಂಡರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಆನೆಗೊಂದಿಯಲ್ಲೇ 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಬಾಳೆ ನಾರಿನ ಕೆಲಸ ಕಲಿಸಿ ಹೆಂಗಸರ ಕೈಗೆ ದುಡಿಮೆ ಕೊಟ್ಟಿತು. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆ ದಿಂಡಿನಿಂದ ಬುಟ್ಟಿ, ಚೀಲಗಳು ತಯಾರಾಗುತ್ತವೆ.

ಮುಂಗಾರಿನ ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಇಲ್ಲಿ ಪ್ರವಾಸಿಗರ ಸೀಸನ್ ಶುರು. ಅದಕ್ಕೂ ಮುಂಚೆ ಸಾಣಾಪುರ, ಆನೆಗೊಂದಿಯ ಗ್ರಾಮಸಭೆಗಳಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ನೀರುನಾಯಿ ಮೀಸಲಿನ ಸಮಿತಿಯಲ್ಲಿ ನಮ್ಮ ಪಂಚಾಯಿತಿಯಿಂದ ಯಾರಿದ್ದಾರೆ? ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ? ಆ ಸಭೆಯ ನಡಾವಳಿಯಲ್ಲಿ ಹರಿಗೋಲಿನ ಬಗ್ಗೆ ಏನು ಬರೆದಿದೆ?